ಮಾವನ ಕಾಲಿನ ತೂಕ

ನಮ್ಮ ಸೋದರಮಾವ ಸಾಯುವುದಕ್ಕೆ ಬಹಳ ಮೊದಲೇ ಸ್ವಲ್ಪ ಸಮಾಧಿಯಾದವರು! ಸುಳ್ಳಲ್ಲ. ತೊಂಬತ್ತರ ದಶಕದಲ್ಲಿ ಸಕ್ಕರೆ ಕಾಯಿಲೆಗೆ ಅವರ ಎಡಗಾಲನ್ನು ತೊಡೆಯವರೆಗೂ ತೆಗೆದಾಗ, ಹಲಸೂರಿನ ನಮ್ಮ ಹಿರಿಯರು ಆಸ್ಪತ್ರೆಯಲ್ಲಿ ಆ ಕಾಲನ್ನು ಕೇಳಿ ಪಡೆದು, ಬಿಳಿ ಬಟ್ಟೆ ಸುತ್ತಿ, ಸ್ಮಶಾನದಲ್ಲಿ ತಾತನ ಪಕ್ಕಕ್ಕೆ ಹೂತು, ಹಾಲು ತುಪ್ಪ ಬಿಟ್ಟು ಬಂದರು. ಮಾವ ಮಲಗಿದಲ್ಲೇ ನಕ್ಕರು.

“ಬಸ್ಸಲ್ಲಿ ಟವೆಲ್ ಹಾಕ್ತಾರಲ್ಲ, ಹಂಗೆ. ನನ್ ಕಾಲು ಮೊದ್ಲೇ ಹೋಗಿ ಸೀಟು ಹಿಡ್ಕೊಂಡಿದೆ ಕಣೋ!” ಆಮೇಲೆ ಮುಖ ಗಂಟಿಕ್ಕಿ ಕೇಳಿದರು: “ಅಲ್ಲಾ, ಹೂಳೋಕೆ ಮುಂಚೆ ಯಾರಾದ್ರೂ ತೂಕ ಹಾಕಿದ್ರೇನೋ?”

ನೀವು ಬೆಚ್ಚಬೇಡಿ. ರಸೆಲ್ ಮಾರುಕಟ್ಟೆಯಲ್ಲಿ ಈರುಳ್ಳಿ ಅಂಗಡಿ ಇಟ್ಟಿದ್ದ ಮಾವ ನೆಂಟರನ್ನು “ಚೆನ್ನಾಗಿದೀರಾ?” ಎಂದು ಕೇಳಿದವರೇ ಅಲ್ಲ, ಸೀದಾ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸುತ್ತಿದ್ದರು! ನನ್ನ ತಂಗಿಯನ್ನು ನೋಡಲು ಬಂದ ಗಂಡನ್ನೂ ಬಿಡಲಿಲ್ಲ. ಕಾಲು ಹೋಗಿ ಅಂಗಡಿ ಮುಚ್ಚಿದಾಗ ಯಂತ್ರ ಮನೆಗೆ ಬಂದು ಪಡಸಾಲೆಯಲ್ಲಿ ಕೂತಿತು.

ಮಾವ ನನ್ನ ಹೆಗಲು ಹಿಡಿದು ಅದನ್ನು ಹತ್ತಿ, ಕೈಬಿಟ್ಟು ಒಂಟಿಕಾಲಲ್ಲಿ ನಿಂತರೆ ಮುಳ್ಳು ಮೊದಮೊದಲು ಬಹಳ ಹಿಂದೆಯೇ ನಿಲ್ಲುತ್ತಿತ್ತು. ಬರಬರುತ್ತಾ ಮುಂದೆ ಸರಿಯಿತು. ಒಂದು ಮಧ್ಯಾಹ್ನ, ಎರಡೂ ಕಾಲಿದ್ದಾಗಿನ ಗೆರೆಗೇ ಬಂದು ನಿಂತುಬಿಟ್ಟಿತು. ಮಾವ ಕೆಳಗೆ ನೋಡದೆ ಪಿಸುಗುಟ್ಟಿದರು.

“ವಾಪಸ್ ಬಂದ್ಬಿಟ್ಟಿದೆ ಕಣೋ.”

ನಗಬೇಕೆಂದುಕೊಂಡೆ. ಆದರೆ ಬಗ್ಗಿ ಅವರ ಕಾಲ ಪಕ್ಕದ ಖಾಲಿ ಜಾಗ ನೋಡಿದೆ.

ಕೂತು ತಿಂದು ಬಂದ ಬೊಜ್ಜು ಅದು, ಮೈ ಇಳಿಸದಿದ್ದರೆ ಕೃತಕ ಕಾಲು ಹಿಡಿಸುವುದಿಲ್ಲ, ನಡೆಯುವ ಆಸೆ ಬಿಟ್ಟುಬಿಡಿ ಎಂದು ಡಾಕ್ಟರು ಗದರಿದರು. ಮಾವ ಕೇಳುತ್ತಾರೆಯೇ? “ಇಳಿಸಿದ್ರೆ ಅದು ಮತ್ತೆ ಹೊರಟೋಗುತ್ತೆ!” ಎಂದು ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಒಮ್ಮೆ ಅವರ ಮಂಚದ ತುದಿಯಲ್ಲಿ ಕೂರಲು ಹೋದೆ. “ಏಯ್, ಕಾಲು!” ಎಂದು ಚೀರಿದರು. ನಾನು ಹೌಹಾರಿ, ಅಭ್ಯಾಸಬಲದಿಂದ ಆ ಜಾಗ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮುಟ್ಟಿದ್ದು ಏನನ್ನು? ಬರೀ ಹಾಸಿಗೆ. ಆದರೆ ಅದು ಬೆಚ್ಚಗಿತ್ತು!

“ಈಗ್ತಾನೇ ಶಾಖ ಕೊಟ್ಟೆ ಕಣಪ್ಪ” ಎಂದರು ಅತ್ತೆ, ಬಿಸಿನೀರಿನ ಪಾತ್ರೆ ಎತ್ತಿಕೊಳ್ಳುತ್ತಾ. “ಅಲ್ಲೇ ನೋವು ಅಂತಾರೆ. ಕೊಡ್ದಿದ್ರೆ ನಿದ್ದೆ ಮಾಡಲ್ಲ.”

ಯುಗಾದಿಗೆ ಮನೆಮಂದಿಯನ್ನೆಲ್ಲ ತೂಗುವುದು ಮಾವನ ಪದ್ಧತಿ. ಆ ವರ್ಷ ಅತ್ತೆ “ನಂಗ್ಯಾಕ್ರೀ, ಒಲೆ ಮೇಲೆ ಹೂರಣ ಇದೆ” ಎಂದು ತಪ್ಪಿಸಿಕೊಳ್ಳಲು ನೋಡಿದರು. ಮಾವ ಬಿಡಲಿಲ್ಲ. ಮುಳ್ಳು ಅತ್ತೆಯ ಹಿಂದಿನ ವರ್ಷದ ಗೆರೆಗಿಂತ ಎಷ್ಟೋ ಹಿಂದೆ ನಿಂತಿತು. ಎಷ್ಟು ಹಿಂದೆ? ಕಾಲು ಹೋದಾಗ ಮಾವನ ತೂಕ ಇಳಿದಿತ್ತಲ್ಲ, ಸರಿಯಾಗಿ ಅಷ್ಟೇ!

“ಮಿಷನ್ನು ಕೆಟ್ಟಿದೆ ಬಿಡ್ರಿ.”

“ಕೆಟ್ಟಿಲ್ಲ ಕಣೇ.”

ಮಾವ ಅತ್ತೆಯ ತೋಳು ನೋಡಿದರು. ಅವರನ್ನು ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಕುರ್ಚಿಗೆ ಎತ್ತಿ ಎತ್ತಿ ಇಳಿಸಿದ ತೋಳು. ಬಳೆ ಮೊಣಕೈವರೆಗೂ ಜಾರುತ್ತಿತ್ತು. “ಈ ಕಾಲು ಸ್ಮಶಾನದಿಂದ ಬಂದಿದ್ದಲ್ಲ” ಎಂದರು ಮೆಲ್ಲಗೆ.

ಎಲ್ಲರೂ ಉಂಡ ಮೇಲೆ ಉಣ್ಣುವ ಅತ್ತೆಯನ್ನು ಅಂದು ಪಕ್ಕದಲ್ಲೇ ಕೂರಿಸಿಕೊಂಡು, ತಮ್ಮ ಹೋಳಿಗೆಯನ್ನು ಅವರ ಎಲೆಗೆ ಹಾಕಿದರು.

“ಕಾಲು ಹೊರಟೋದ್ರೆ?” ಅತ್ತೆ ಕೇಳಿದರು.

“ಹೋಗ್ಲಿ. ಯಾರ್ದು ಅಂತ ಗೊತ್ತಾಯ್ತಲ್ಲ. ತಿನ್ನು.”

ಅತ್ತೆ ತಿನ್ನುವವರೆಗೂ ಮಾವ ತಮ್ಮ ಎಲೆ ಮುಟ್ಟಲಿಲ್ಲ.