ಹದಿನೈದು ರೇಡಿಯನ್ನಿನ ಚಪ್ಪರ

ಮಾವನ ಮನೆಯ ಮುಂದಿನ ಶೀಟಿನ ಚಪ್ಪರವನ್ನು ಗಣಿತದ ಪ್ರಕಾರವೇ ಹಾಕಿಸುತ್ತೇನೆ ಎಂದು ನಾನು ಶಿಕಾರಿಪುರದ ನಮ್ಮ ಮನೆಯಲ್ಲಿ ಘೋಷಿಸಿದಾಗ ಯಾರೂ ತಡೆಯಲಿಲ್ಲ. ತಡೆಯಬಹುದಿತ್ತು.

ನಾದಿನಿ ಗಂಗಾಶ್ರೀಯ ನಿಶ್ಚಿತಾರ್ಥ ಭಾನುವಾರ, ಸೊರಬದ ಕಡೆ ಜಡೆ ಎಂಬ ಊರಿನ ಮಾವನ ಮನೆಯಲ್ಲಿ. ಗಂಡಿನ ಕಡೆಯ ಅರವತ್ತು ಜನ ಮನೆ ಮುಂದೆ ನೆರಳಲ್ಲಿ ಕೂರಬೇಕು. ಮಾವ ಸದಾಶಿವಪ್ಪನವರು ವೆಲ್ಡಿಂಗಿನ ಗೋಪಾಲಪ್ಪನಿಗೆ ಹೇಳಿಯೂ ಆಗಿತ್ತು. ಆದರೆ ಇಪ್ಪತ್ತು ವರ್ಷದಿಂದ ಪೈಪು, ನಲ್ಲಿ ಮಾರುತ್ತಿರುವ, ಪಿಯುಸಿಯಲ್ಲಿ ಗಣಿತವನ್ನು ಒಂದೇ ಸಲಕ್ಕೆ ಪಾಸು ಮಾಡಿದ ಅಳಿಯನೊಬ್ಬ ಇರುವಾಗ ಇಳಿಜಾರನ್ನು ಕಣ್ಣಂದಾಜಿನಲ್ಲಿ ಬಿಡುವುದೇ? ಹದಿನೈದು ಡಿಗ್ರಿ ಇಳಿಜಾರು ಇರಲಿ, ಕಂಬದ ಎತ್ತರ ನಾನು ಲೆಕ್ಕ ಹಾಕಿ ಕಳಿಸುತ್ತೇನೆ ಎಂದು ಫೋನಿನಲ್ಲಿ ಹೇಳಿಬಿಟ್ಟೆ.

ಮಗಳು ಸಂಗೀತಳ ಕ್ಯಾಲ್ಕುಲೇಟರ್ ಮೇಜಿನ ಮೇಲಿತ್ತು. ಮೊದಲ ಪಿಯುಸಿಯ ಅವಳು ಎರಡು ದಿನದಿಂದ ರೇಡಿಯನ್ ಎಂಬ ಪಾಠದೊಂದಿಗೆ ಕುಸ್ತಿ ಆಡುತ್ತಿದ್ದಳು. ನನ್ನ ಹತ್ತಿರ ಕೇಳಿದ್ದಳು ಕೂಡ. ಅದೆಲ್ಲ ಪರೀಕ್ಷೆಗಷ್ಟೇ, ಜೀವನಕ್ಕೆ ಬೇಕಾಗಿಲ್ಲ ಎಂದು ಹೇಳಿ ಕಳಿಸಿದ್ದೆ.

ಚಪ್ಪರದ ಅಗಲ ಹನ್ನೆರಡು ಅಡಿ. ಹದಿನೈದರ ಟ್ಯಾನ್ ಒತ್ತಿದೆ, ಹನ್ನೆರಡರಿಂದ ಗುಣಿಸಿದೆ. ಮೈನಸ್ ಹತ್ತು ಪಾಯಿಂಟ್ ಎರಡು ಏಳು ಬಂತು. ಮೈನಸ್ ಯಾಕೆ ಎಂದು ಒಂದು ಕ್ಷಣ ಯೋಚಿಸಿದೆ. ಚಪ್ಪರ ಕೆಳಕ್ಕೆ ತಾನೆ ಇಳಿಯುವುದು, ಮೈನಸ್ ಬರಲೇಬೇಕು ಎಂದು ಹೊಳೆದಾಗ ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಪರದೆಯ ಮೂಲೆಯಲ್ಲಿ ‘ಆರ್’ ಎಂಬ ಸಣ್ಣ ಇಂಗ್ಲಿಷ್ ಅಕ್ಷರ ಇದ್ದದ್ದೂ ಕಂಡಿತು. ಯಂತ್ರ ರೆಡಿ ಇದೆ ಎಂದುಕೊಂಡೆ.

ಮುಂದಿನ ಕಂಬ ಏಳು ಅಡಿ, ಗೋಡೆ ಕಡೆಯದ್ದು ಹದಿನೇಳು ಅಡಿ ಮೂರು ಇಂಚು ಎಂದು ಮಾವನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಗೋಪಾಲಪ್ಪ ಎರಡು ಸಲ ಕೇಳಿದನಂತೆ. ಅಳಿಯಂದ್ರು ಲೆಕ್ಕ ಹಾಕಿ ಕಳ್ಸಿದಾರೆ, ನೀನು ಹೇಳಿದಷ್ಟು ಮಾಡು ಅಂದರಂತೆ ಮಾವ.

ಗುರುವಾರ ಹೆಂಡತಿ ನೀಲಾಂಬಿಕ ಮತ್ತು ಮಗಳೊಂದಿಗೆ ಜಡೆಯಲ್ಲಿ ಬಸ್ಸಿಳಿದೆ. ಮನೆ ಇನ್ನೂ ಮರೆಯಲ್ಲಿತ್ತು, ಚಪ್ಪರ ಮಾತ್ರ ಆಗಲೇ ಕಾಣಿಸುತ್ತಿತ್ತು. ಹನ್ನೊಂದು ಅಡಿಯ ಗೋಡೆಯನ್ನೂ ಹಂಚನ್ನೂ ದಾಟಿ, ನೀಲಿ ಶೀಟು ಆಕಾಶದಿಂದ ಅಂಗಳಕ್ಕೆ ಧುಮುಕುತ್ತಿತ್ತು. ಮನೆಗೂ ಚಪ್ಪರಕ್ಕೂ ನಡುವೆ ಆರಡಿ ಬಾಯಿ ತೆರೆದು, ಅಲ್ಲಿಂದ ಬಿಸಿಲು ನೇರ ಜಮಖಾನದ ಮೇಲೆ ಸುರಿಯುತ್ತಿತ್ತು. ಪಕ್ಕದ ಮನೆಯ ಗುತ್ಯಮ್ಮ ಬೇಲಿಯಾಚೆ ನಿಂತು, ಮಕ್ಕಳು ಹತ್ತಿ ಜಾರೋಕೆ ಮೆಟ್ಟಿಲು ಯಾವ ಕಡೆ ಇಡ್ತೀರಿ ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು.

ಮಾವ ನನ್ನನ್ನು ನೋಡಿ ನಕ್ಕರು. ಬೈದಿದ್ದರೆ ವಾಸಿಯಿತ್ತು.

"ನಮಗೆ ತಿಳಿಯಂಗಿಲ್ಲ ಅಳಿಯಂದ್ರೇ. ಏನೋ ವಿಶೇಷ ಇರಬೇಕು ಅಂತ ಸುಮ್ನಾದೆ."

ಸಂಗೀತ ನನ್ನ ಸಂದೇಶ ಓದಿ, ತನ್ನ ಕ್ಯಾಲ್ಕುಲೇಟರ್ ತೆಗೆದು ನಾನು ಒತ್ತಿದ ಹದಿನೈದರ ಟ್ಯಾನನ್ನೇ ಒತ್ತಿ ಹನ್ನೆರಡರಿಂದ ಗುಣಿಸಿದಳು. ಅದೇ ಉತ್ತರ ಬಂತು.

"ಅಪ್ಪಾಜಿ, ಇದು ರೇಡಿಯನ್‌ನಲ್ಲಿತ್ತು. ನೀವು ಹದಿನೈದು ಡಿಗ್ರಿ ಕೇಳಿಲ್ಲ, ಹದಿನೈದು ರೇಡಿಯನ್ ಕೇಳಿದೀರಿ."

ಅದು ಎಷ್ಟಾಗುತ್ತದೆ ಎಂದು ಕೇಳಿದೆ. ಪುಸ್ತಕದಲ್ಲಿ ಇದ್ದದ್ದನ್ನು ಅವಳು ಓದಿದಳು: ತ್ರಿಜ್ಯದಷ್ಟೇ ಉದ್ದದ ಕಂಸವು ಕೇಂದ್ರದಲ್ಲಿ ಉಂಟುಮಾಡುವ ಕೋನ. ಅವಳಿಗೂ ಅರ್ಥವಾಗಿರಲಿಲ್ಲ, ನನಗಂತೂ ಇಲ್ಲ. ಅಕ್ಕಿ ರೊಟ್ಟಿ ಬಡಿಸುತ್ತಿದ್ದ ನೀಲಾಂಬಿಕ ಇನ್ನೊಂದು ಸಲ ಓದು ಅಂದಳು. ಹೂ ಕಟ್ಟುವ ದಾರ ತಂದು ರೊಟ್ಟಿಯ ನಡುವಿನಿಂದ ಅಂಚಿಗೆ ಹಿಡಿದು ಕತ್ತರಿಸಿದಳು. ಅದೇ ದಾರವನ್ನು ಅಂಚಿನ ಮೇಲೆ ಬಾಗಿಸಿ ಮಲಗಿಸಿದಳು. ದಾರದ ಎರಡು ತುದಿಗಳಿಂದ ರೊಟ್ಟಿಯ ನಡುವಿಗೆ ಚಾಕುವಿನಲ್ಲಿ ಕೊಯ್ದು ಒಂದು ತುಂಡು ತೆಗೆದಳು. ಎರಡು ಪಕ್ಕದ ಉದ್ದವೂ ಬಾಗಿದ ಅಂಚಿನ ಉದ್ದವೂ ಒಂದೇ.

"ಇದೇ ಅಲ್ವಾ ಒಂದು ರೇಡಿಯನ್ನು? ಹೂ ಮಾರೋರು ತಮ್ಮ ಕೈಯಲ್ಲೇ ಮೊಳ ಹಾಕ್ತಾರಲ್ಲ, ಹಂಗೆ. ರೊಟ್ಟಿಗೆ ರೊಟ್ಟಿದೇ ಅಳತೆ."

ಸಂಗೀತ ಚಾಕು ಕಸಿದುಕೊಂಡು ಕೊಯ್ಯುತ್ತಾ ಹೋದಳು. ಆರು ತುಂಡು ಪೂರ್ತಿ ಬಂದವು, ತುಂಡಿನ ಕಾಲುಭಾಗಕ್ಕಿಂತ ಚೂರು ಹೆಚ್ಚು ಉಳಿಯಿತು. ಅರ್ಧ ರೊಟ್ಟಿಗೆ ಮೂರು ಪಾಯಿಂಟ್ ಒಂದು ನಾಲ್ಕು, ಅದೇ ಪೈ, ಅದಕ್ಕೇ ನೂರ ಎಂಬತ್ತು ಡಿಗ್ರಿ ಎಂದರೆ ಪೈ ರೇಡಿಯನ್ ಎನ್ನುವಾಗ ಅವಳ ಮುಖ ಅರಳಿತು. ಸಣ್ಣ ರೊಟ್ಟಿಯಲ್ಲಿ ಮಾಡಿದರೂ ಆರೂ ಚಿಲ್ಲರೆಯೇ ಬಂತು. ಒಂದು ತುಂಡು ಸುಮಾರು ಐವತ್ತೇಳು ಡಿಗ್ರಿ. ನಾನು ಕೇಳಿದ ಹದಿನೈದು ತುಂಡಿಗೆ ಎರಡು ಇಡೀ ರೊಟ್ಟಿ ಮುಗಿದು, ಮೂರನೆಯದೂ ಅರ್ಧದ ಹತ್ತಿರ ಖಾಲಿಯಾಗುತ್ತಿತ್ತು.

"ಅಂದ್ರೆ ಚಪ್ಪರ ಎರಡು ಸುತ್ತು ತಿರುಗಿ ನಿಲ್ಲಬೇಕಿತ್ತು. ಗೋಪಾಲಪ್ಪ ತಿರುಗಿಸಿಲ್ಲ, ಪುಣ್ಯ" ಅಂದಳು ನೀಲಾಂಬಿಕ.

ಮರುದಿನ ಬೆಳಿಗ್ಗೆ ಗೋಪಾಲಪ್ಪ ಕಟಿಂಗ್ ಮೆಷಿನ್ ತಂದ. ನಾನು ಈ ಸಲ ಕ್ಯಾಲ್ಕುಲೇಟರನ್ನು ಡಿಗ್ರಿಗೆ ಹಾಕಿ, ಮಗಳಿಂದ ಎರಡು ಸಲ ಪರೀಕ್ಷೆ ಮಾಡಿಸಿಕೊಂಡು, ಮೂರು ಅಡಿ ಎರಡೂವರೆ ಇಂಚು ಎಂದು ಚೀಟಿಯಲ್ಲಿ ಬರೆದುಕೊಂಡು ಹೋದೆ. ಅವನು ಆಗಲೇ ಕಂಬಕ್ಕೆ ಸೀಮೆಸುಣ್ಣದ ಗುರುತು ಹಾಕಿದ್ದ. ಎಷ್ಟಕ್ಕೆ ಎಂದು ಕೇಳಿದೆ. ಅಡಿಗೆ ಮೂರು ಇಂಚಿನಂತೆ ಹನ್ನೆರಡು ಅಡಿಗೆ ಮೂರು ಅಡಿ, ಅವರಪ್ಪನ ಕಾಲದಿಂದಲೂ ಅಷ್ಟೇ ಅಂದ. ಅದು ಎಷ್ಟು ಡಿಗ್ರಿ ಎಂದೆ.

"ಅದು ನಾ ನೋಡಿಲ್ಲ ಸಾರ್. ಇಲ್ಲೀತನಕ ಯಾರ ಮನೇಲೂ ನೀರು ನಿಂತಿಲ್ಲ."

ಚೀಟಿಯನ್ನು ಜೇಬಿಗೆ ಹಾಕಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಶೀಟು ಹಂಚಿನ ಕೆಳಗೆ ಬಂದು ಚಪ್ಪರದ ಹಾಗೆ ಕಂಡಿತು. ನೆರಳು ಬಿತ್ತು. ಮಾವ ಕುರ್ಚಿ ಹಾಕಿಸಿ ಕೂತರು, ಗಂಗಾಶ್ರೀ ನೆಮ್ಮದಿಯ ಉಸಿರು ಬಿಟ್ಟಳು. ಮುಂದಿನ ಏಳಡಿ ಕಂಬದ ಕೊನೆಯ ಬೋಲ್ಟು ಉಳಿದಿತ್ತು. ಗೋಪಾಲಪ್ಪ ಏಣಿ ಹತ್ತಿದ. ಶೀಟಿನ ಕೆಳಗಿನಿಂದ ನಟ್ಟಿಗೆ ಸ್ಪ್ಯಾನರ್ ಹಿಡಿದುಕೊಳ್ಳಲು ಕೈ ಬೇಕಾಯಿತು, ಖಾಲಿ ಇದ್ದವನು ನಾನೊಬ್ಬನೇ. ಮನಸ್ಸಿಟ್ಟು ಹಿಡಿದುಕೊಂಡೆ.

"ಸಾರ್, ಬೋಲ್ಟಿನ ಕೆಳಗಿನ ಸ್ಪ್ಯಾನರ್ ಸ್ವಲ್ಪ ತಿರುಗಿಸಿ" ಎಂದ ಮೇಲಿನಿಂದ.

"ಎಷ್ಟು?" ಎಂದೆ.

ನೀಲಾಂಬಿಕ ಒಳಗಿನಿಂದ ಓಡಿ ಬಂದು ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡಳು.

"ನೀವು ಏಣಿ ಹಿಡ್ಕೊಳ್ರೀ, ಸಾಕು."