ಭಾವನಿಗೆ ಒಪ್ಪಿಗೆಯಾಗದ ಗ್ಯಾಸ್ಕೆಟ್

ಬೆಳಿಗ್ಗೆ ಎದ್ದು ಉದ್ದು ನೆನೆಹಾಕಿದೆ. ಮಗಳ ಟಿಫಿನ್ ಕಟ್ಟಿದೆ. ಎ.ಸಿ.ಯ ಜಾಳಿಗೆ ಬಿಚ್ಚಿ ಧೂಳು ತೊಳೆದೆ. ಇವರ ಆಫೀಸಿನ ಅಂಗಿಗೆ ಇಸ್ತ್ರಿ ಹಾಕಿದೆ. ಖಾಲಿ ನೀರಿನ ಕ್ಯಾನುಗಳನ್ನು ಬಾಗಿಲ ಹೊರಗಿಟ್ಟೆ. ಊಟದ ಮೇಜಿನ ಮೇಲಿದ್ದ ಇಂಜಿನ್ ಆಯಿಲಿನ ಕಲೆಗೆ ಕಡಲೆಹಿಟ್ಟು ಹಾಕಿ ಉಜ್ಜಿದೆ. ಇಷ್ಟೆಲ್ಲ ಮುಗಿದರೂ ನಮ್ಮ ಭಾವನಿಗೆ ಗ್ಯಾಸ್ಕೆಟ್ ಸಿಕ್ಕಿರಲಿಲ್ಲ!

ಭಾವ ಎಂದರೆ ನನ್ನ ಗಂಡನ ಅಣ್ಣ. ಹೆಣ್ಣು ನೋಡಲು ಹೋದ ದಿನ, ಹುಡುಗಿ ಕಾಫಿ ಹಿಡಿದು ಬಾಗಿಲಿಗೆ ಬರುವ ಮೊದಲೇ ‘ಆಗಬಹುದು’ ಎಂದುಬಿಟ್ಟವರು. ಊರಿನಲ್ಲಿ ಜಾಗ ಕೊಂಡದ್ದು ಬರೀ ಫೋಟೋ ನೋಡಿ. ಇಂಥ ಮನುಷ್ಯ ಒಂದು ತುಂಡು ಕಾಗದವನ್ನು ಒಪ್ಪಲು ಇಡೀ ಕತಾರ್ ಸುತ್ತುತ್ತಾರೆಂದರೆ ನೀವು ನಂಬುತ್ತೀರಾ?

ಕಾಗದವೇ ಮತ್ತೆ! ಇಂಜಿನ್ನಿಗೂ ಅದರ ಮುಚ್ಚಳಕ್ಕೂ ನಡುವೆ ಕೂತು ಎಣ್ಣೆ ಸೋರದಂತೆ ಹಿಡಿಯುವ, ಅಂಚಿಗೆಲ್ಲ ತೂತುಗಳಿರುವ ದಪ್ಪ ಕಾಗದ. ಭಾವನ ಮುದಿ ಬೈಕಿನಲ್ಲಿ ಅದು ಸೀಳಿಹೋಗಿ, ವಕ್ರಾ ಎಂಬ ಊರಿನ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಎಣ್ಣೆಯ ಕೊಳವೇ ಆಗಿತ್ತು.

ಸೋರಿದರೆ ಸೋರಲಿ ಎನ್ನುವ ಹಾಗಿರಲಿಲ್ಲ. ಹಮದ್ ಬಂದರಿನ ಗೋದಾಮಿನಲ್ಲಿ ಭಾವನ ಕೆಲಸ ಮುಗಿದಿತ್ತು. ಕಂಪೆನಿಯ ರೂಮು ಬಿಟ್ಟು ನಮ್ಮ ಹಾಲಿಗೆ ಬಂದಿದ್ದರು. ಭಾನುವಾರಕ್ಕೆ ಊರಿನ ಟಿಕೆಟ್, ಮತ್ತೆ ಬರುವ ಮಾತಿಲ್ಲ. ಬೈಕು ಇನ್ನೊಬ್ಬರ ಹೆಸರಿಗೆ ಹೋಗದೆ ಭಾವನ ವೀಸಾ ಮುಗಿಸುವ ಹಾಗಿಲ್ಲ. ಎಣ್ಣೆ ಸೋರುವ ಬೈಕು ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಪಾಸಾಗದೆ ಹೆಸರು ಬದಲಾಗುವುದಿಲ್ಲ. ಗುರುವಾರ ಪರೀಕ್ಷೆ. ಇವತ್ತು ಮಂಗಳವಾರ. ನಾನು ಬೆರಳು ಮಡಚಿ ದಿನ ಎಣಿಸುತ್ತಿದ್ದೆ. ಭಾವ ಮಾತ್ರ ಹಳೆಯ ಗ್ಯಾಸ್ಕೆಟನ್ನು ಎರಡು ರಟ್ಟಿನ ನಡುವೆ ಇಟ್ಟು, ಮದುವೆ ಜಾತಕದ ಹಾಗೆ ಬಗಲಲ್ಲಿ ಹಿಡಿದು ಓಡಾಡುತ್ತಿದ್ದರು.

ಕಳೆದ ಶುಕ್ರವಾರ ಸಂಜೆ ಬಿಡಿಭಾಗದ ಅಂಗಡಿಗಳಿರುವ ಸನಯ್ಯಕ್ಕೆ ನಾವೂ ಜೊತೆಗೆ ಹೋದೆವು. ಅಂಗಡಿಯವರು ನಮ್ಮ ಉಳ್ಳಾಲದ ಕಡೆಯ ಬ್ಯಾರಿ. ಒಂದು ಗ್ಯಾಸ್ಕೆಟ್ ತೆಗೆದು ಮೇಜಿನ ಮೇಲೆ ಇಟ್ಟರು. ಭಾವ ಅದನ್ನು ಬೆಳಕಿಗೆ ಹಿಡಿದರು, ಬೆರಳಲ್ಲಿ ತಟ್ಟಿದರು, ಮೂಸಿದರು.

“ಇದರ ವಾಸನೆ ಸರಿ ಇಲ್ಲ.”

“ಅಣ್ಣ, ಇದನ್ನು ಇಂಜಿನ್ನಿಗೆ ಹಾಕುದಾ, ಸಾರಿಗೆ ಹಾಕುದಾ?” ಎಂದರು ಅಂಗಡಿಯವರು.

ಎರಡನೆಯದು ಬಂತು. ಹಳೆಯದು ಕಂದು, ಇದು ಹಸಿರು. ಬೇಡ. ಮೂರನೆಯದನ್ನು ಹಳೆಯದರ ಮೇಲೆ ಇಟ್ಟರೆ ತೂತಿಗೆ ತೂತು, ಅಂಚಿಗೆ ಅಂಚು! ನಾನು ಮನಸ್ಸಿನಲ್ಲೇ ಕದ್ರಿಯ ದೇವರಿಗೆ ಕೈಮುಗಿದೆ. ಭಾವ ತಲೆ ಅಲ್ಲಾಡಿಸಿದರು.

“ಇಷ್ಟು ಸರಿಯಾಗಿ ಕೂತ್ರೆ ಇದು ಡುಪ್ಲಿಕೇಟೇ. ಒರಿಜಿನಲ್ ಸ್ವಲ್ಪ ಆಚೆ ಈಚೆ ಇರ್ತದೆ!”

ಅಂಗಡಿಯವರು ತಲೆಯ ಮೇಲೆ ಕೈಯಿಟ್ಟುಕೊಂಡರು. “ಅಲ್ಲ ಅಣ್ಣ, ಮೊದಲ ಸಲ ನೀವು ಕೊಂಡು ಹೋದದ್ದು ಎಂತ...”

“ಯಲ್ಲಾ ಯಲ್ಲಾ, ಹೊತ್ತಾಯ್ತು,” ಎಂದು ಭಾವ ಆಗಲೇ ಕಾರಿನ ಬಾಗಿಲು ತೆಗೆದಿದ್ದರು.

ದಾರಿಯಲ್ಲಿ ಇವರು ರೇಗಿದರು. “ಅಣ್ಣ, ಅತ್ತಿಗೆಯನ್ನು ಇಷ್ಟು ಮೂಸಿ ನೋಡಿದ್ರೆ ನಿಂಗೆ ಮದುವೆಯೇ ಆಗ್ತಿರ್ಲಿಲ್ಲ!”

“ಅವಳು ಎಣ್ಣೆ ಸೋರ್ತಾಳಾ?” ಎಂದರು ಭಾವ, ಕಿಟಕಿಯ ಹೊರಗೆ ನೋಡುತ್ತ.

ಊರಿನಿಂದ ಅಕ್ಕ, ಅಂದರೆ ಭಾವನ ಹೆಂಡತಿ, ದಿನಾ ಫೋನು ಮಾಡುವರು. “ಸಿಕ್ಕಿತಾ?” “ಇಲ್ಲ.” “ಊಟ ಆಯ್ತಾ?” “ಆಯ್ತು.” ಖಲಾಸ್! ಇಷ್ಟು ವರ್ಷದ ಸಂಸಾರದ ಮಾತು ಅಷ್ಟಕ್ಕೇ ಮುಗಿಯುತ್ತಿತ್ತು.

ಇವತ್ತು ಮಧ್ಯಾಹ್ನ ಕುಚ್ಚಲಕ್ಕಿಯ ಚೀಲ ತಳ ಕಂಡಿತು. ಉಳಿದದ್ದನ್ನು ಡಬ್ಬಕ್ಕೆ ಸುರಿಯೋಣವೆಂದು ಚೀಲ ಎತ್ತಿದರೆ, ಅಡಿಯಲ್ಲಿ ಚಪ್ಪಟೆಯಾಗಿ ಒಂದು ಪ್ಲಾಸ್ಟಿಕ್ ಪೊಟ್ಟಣ. ಒಳಗೆ ಹೊಸ ಗ್ಯಾಸ್ಕೆಟ್! ಕಂದು ಬಣ್ಣದ್ದೇ. ಆ ಚೀಲ ತಂದ ದಿನ, “ನೀನು ಭಾರ ಎತ್ತಬೇಡ, ನಾನಿಡ್ತೇನೆ” ಎಂದು ಅಡುಗೆಮನೆಗೆ ಹೊತ್ತು ತಂದವರು ಭಾವನೇ. ಅಂದರೆ ಅಷ್ಟು ದಿನ ನಾವು ಉಂಡ ಗಂಜಿಯೆಲ್ಲ ಈ ಗ್ಯಾಸ್ಕೆಟಿನ ಮೇಲೆ ಕೂತಿದ್ದ ಅಕ್ಕಿಯದ್ದು!

ಸಿಟ್ಟು ನೆತ್ತಿಗೇರಿತು. ಪೊಟ್ಟಣ ಹಿಡಿದು ಪಾರ್ಕಿಂಗಿಗೆ ಇಳಿದೆ. ಆ ಬಿಸಿಯಲ್ಲಿ ಭಾವ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಬಿಚ್ಚಿಟ್ಟ ಬೋಲ್ಟುಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

“ಭಾವ, ಇದೆಂತ?”

ನೋಡಿದರು. ಬಟ್ಟೆ ಮಡಚಿದರು. “ಅದಾ... ಸಿಕ್ಕಿ ಸ್ವಲ್ಪ ದಿನ ಆಯ್ತು.”

“ಸರಿ ಕೂರುದಿಲ್ವಾ?”

“ಕೂರ್ತದೆ. ಚೆಂದ ಕೂರ್ತದೆ.” ಒಂದು ಬೋಲ್ಟನ್ನು ಬೆರಳಲ್ಲಿ ತಿರುಗಿಸಿದರು. “ರಜೆಯಲ್ಲಿ ಊರಿಗೆ ಹೋದ್ರೆ ಮೊದಲ ವಾರ ಕೋಳಿ ಸುಕ್ಕ. ಎರಡನೇ ವಾರ ನೆಂಟರ ಮನೆ. ಮೂರನೇ ವಾರ ಬ್ಯಾಂಕು, ಡಾಕ್ಟ್ರು. ನಾಲ್ಕನೇ ವಾರ ಪೆಟ್ಟಿಗೆ ಕಟ್ಟುದು. ಅಷ್ಟು ಬರ್ತದೆ ನಂಗೆ. ಐದನೇ ವಾರ ಎಂತ ಮಾಡುದು ಮಾರಾಯ್ತಿ? ನಿನ್ನ ಅಕ್ಕನಿಗಾದ್ರೂ ಎಂತ ಗೊತ್ತುಂಟು, ಪಾಪ. ಐದನೇ ವಾರಕ್ಕೆ ನಾನು ಯಾವತ್ತೂ ಅಲ್ಲಿ ಇದ್ದದ್ದೇ ಇಲ್ಲ.”

ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ! ಪೊಟ್ಟಣವನ್ನು ಬೈಕಿನ ಸೀಟಿನ ಮೇಲಿಟ್ಟೆ.

“ಐದನೇ ವಾರ ನಾವೇ ಬರ್ತೇವಲ್ಲ ಭಾವ, ಶಾಲೆಗೆ ರಜೆ ಸಿಕ್ಕಿದ ಕೂಡ್ಲೆ.”

“ಆರನೇ ವಾರ?”

ತಲೆ ಕೆರೆದುಕೊಂಡೆ. “ಅಕ್ಕನ ಕುಕ್ಕರು ಈಗ ಸೀಟಿಯೇ ಹಾಕುದಿಲ್ವಂತೆ. ಸುತ್ತಲಿಂದ ಹಬೆ ಹೋಗ್ತದಂತೆ. ಅದರ ಗ್ಯಾಸ್ಕೆಟ್ ಹಾಳಾಗಿದೆ. ಅಂಗಡಿ ಅಂಗಡಿ ಹೋಗಿ, ಮೂಸಿ ನೋಡಿ, ಒಂದು ಒಳ್ಳೆಯದು ತನ್ನಿ.”

ಭಾವ ತಲೆಯೆತ್ತಿದರು. “ಎಷ್ಟು ಲೀಟರಿನದ್ದು?”

“ನಂಗೆಂತ ಗೊತ್ತು? ಅವರನ್ನೇ ಕೇಳಿ.”

ಕೇಳಿದರು. ಅಲ್ಲೇ, ಆ ಸ್ಟೂಲಿನ ಮೇಲೆ ಕೂತು, ತಾವೇ ಫೋನು ಮಾಡಿ. ಮುಚ್ಚಳ ಒಳಗಿನದ್ದಾ ಹೊರಗಿನದ್ದಾ, ಹಬೆ ಎಡಗಡೆಯಿಂದಲಾ ಬಲಗಡೆಯಿಂದಲಾ, ರಬ್ಬರು ಬಿಳಿಯಾ ಕರಿಯಾ. ಆಚೆಯಿಂದ ಅಕ್ಕ ನಗುವುದು ನನಗೂ ಕೇಳಿಸಿತು. ನಾನು ಮೇಲೆ ಬಂದು ಉದ್ದು ರುಬ್ಬಿ ಮುಗಿಸಿದರೂ ಮಾತು ಮುಗಿದಿರಲಿಲ್ಲ.

ಸಂಜೆ ಇವರು ಟಾರ್ಚು ಹಿಡಿದರು, ಭಾವ ಇಂಜಿನ್ನಿಗೆ ಅಂಟಿ ಉಳಿದಿದ್ದ ಹಳೆಯದರ ಚೂರುಗಳನ್ನು ಕೆರೆದು ತೆಗೆದು ಹೊಸದನ್ನು ಕೂರಿಸಿದರು. ಆಯಿಲ್ ತುಂಬಿ ಕಿಕ್ಕರ್ ಹೊಡೆದರೆ ಬೈಕು ಕೆಮ್ಮಿ, ಸೀನಿ, ಎದ್ದು ನಿಂತಿತು. ಬೈಕಿನ ಕೆಳಗೆ ಹಾಸಿದ ಪೇಪರಿನ ಮೇಲೆ ಮೂವರೂ ಬಗ್ಗಿ ನೋಡಿದೆವು. ಒಂದು ತೊಟ್ಟೂ ಇಲ್ಲ. “ಒರಿಜಿನಲ್ಲೇ,” ಎಂದರು ಭಾವ, ಮೆಲ್ಲಗೆ.

ರಾತ್ರಿ ಅದೇ ಚೀಲದ ಕೊನೆಯ ಅಕ್ಕಿಯ ಗಂಜಿ, ಒಣ ಸಿಗಡಿ ಚಟ್ನಿ, ಮಾವಿನ ಉಪ್ಪಿನಕಾಯಿ. ಭಾವ ಎರಡು ಸಲ ಬಡಿಸಿಕೊಂಡರು. ಮೊದಲು ನಿದ್ದೆಹೋದದ್ದೂ ಅವರೇ, ಹಾಲಿನ ಸೋಫಾದ ಮೇಲೆ, ಎಷ್ಟು ತೊಳೆದರೂ ಉಗುರು ಬಿಡದ ಗ್ರೀಸಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು.