ಪಂಢರಿನಾಥರ ಈಜುಕೊಳ

“ಬರೋ ರವಿವಾರ ನಾ ಈಜ್ತೀನಿ. ನೀವೆಲ್ಲಾ ದಂಡಿ ಮ್ಯಾಲೆ ನಿಂತು ನೋಡ್ರಿ!”

ನವಲಗುಂದದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಪಂಢರಿನಾಥರು ಸ್ಟಾಫ್‌ರೂಮಿನಲ್ಲಿ ಹೀಗೆ ಸಾರಿದಾಗ ಅವರ ಧ್ವನಿಯಲ್ಲಿ ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಯ ಗತ್ತಿತ್ತು. ಇರದೇನು? ಇಡೀ ತಾಲೂಕಿನಲ್ಲಿ ಈಜುಕೊಳವಿದ್ದ ಬಾಡಿಗೆ ಮನೆ ಅವರದೊಂದೇ! ಮನೆಯ ಮಾಲಿಕ, ಅರಳೆ ವ್ಯಾಪಾರಿ ಕುಬೇರಪ್ಪ ಮುಂಬಯಿಯ ಹೋಟೆಲೊಂದರಲ್ಲಿ ಕಂಡದ್ದನ್ನು ಮರೆಯಲಾರದೆ, ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುವಾಗ ಹಿತ್ತಲಿಗೊಂದು ನೀಲಿ ಕೊಳವನ್ನೂ ಕಟ್ಟಿಸಿದ್ದ. ನೀರೆಲ್ಲಿಂದ ಎಂಬ ಪ್ರಶ್ನೆ ಅವನಿಗೆ ಹೊಳೆದದ್ದು ಕಟ್ಟಡ ಮುಗಿದ ಮೇಲೆ. ಹಿತ್ತಲ ಬಾವಿಯದು ಬಾಯಿಗಿಡಲಾಗದ ಉಪ್ಪುನೀರು. ಕೊಳದ ಬಣ್ಣ ಕೆಟ್ಟೀತೆಂದು ಅದನ್ನು ತುಂಬಿಸಲೊಲ್ಲದೆ, ಮಾಳಿಗೆಯ ಮಳೆನೀರನ್ನೇ ಕೊಳಕ್ಕೆ ಇಳಿಸಿದ್ದ. ಆ ಶ್ರಾವಣದ ಮಳೆಗೆ ಕೊಳ ತುಂಬಿತು.

“ನಿಮಗ ಈಜು ಬರ್ತದೇನ್ರಿ?” ಎಂದರು ಹೆಂಡತಿ ಮಥುರಾಬಾಯಿ.

“ಗೋಕರ್ಣದ ಸಮುದ್ರದಾಗ ಈಜಿದವ ನಾನು!”

“ಮೊಣಕಾಲ ಮಟ ಹೋಗಿ, ಹಗ್ಗಾ ತರ್ರೀ ಅಂತ ಒದರಿದ್ರಿ.”

ಶನಿವಾರ ಬಾಜೂಮನೆಯ ಗೌರಕ್ಕ ಕೊಡ ಹಿಡಿದು ಬಂದಳು. “ಮಳಿಗೆ ಕೆರಿ ನೀರು ರಾಡಿ ಆಗೇತ್ರಿ ಬಾಯಾರ. ಒಂದ ಕೊಡ ತುಂಬ್ಕೊಳ್ಳಲೇನ್ರಿ?”

“ಅದಕ್ಕೇನ್ ಕೇಳೂದು, ತುಂಬ್ಕೋರಿ.”

ಗೌರಕ್ಕ ಒಂದು ಬೊಗಸೆ ಕುಡಿದು ನೋಡಿದಳು. “ಯವ್ವಾ, ಕಲ್ಲಸಕ್ಕರಿ ಆಗೇತಿ!”

ಆ ಉದ್ಗಾರ ಓಣಿ ದಾಟಿತು; ಸಂಜೆಯೊಳಗೆ ಊರನ್ನೂ ಮುಟ್ಟಿತು.

ರವಿವಾರ ಬೆಳಿಗ್ಗೆ ಹೊಸ ಚಡ್ಡಿ, ಹೆಗಲಿಗೆ ಟವೆಲು, ಕಾಲಿಗೆ ರಬ್ಬರ್ ಚಪ್ಪಲಿ. ಈ ವೈಭವ ಕಾಣಲೆಂದೇ ಹುಬ್ಬಳ್ಳಿಯಿಂದ ಬಂದಿದ್ದ ಭಾವಮೈದುನ ಶ್ರೀಪಾದನೊಡನೆ ಪಂಢರಿನಾಥರು ಹಿತ್ತಲ ಬಾಗಿಲು ತೆರೆದು, ತೆರೆದಲ್ಲೇ ನಿಂತರು. ಗೇಟಿನ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಕೊಡಗಳ ಸಾಲು, ಬಾಯಿಗೆ ಸೋಸುವ ಅರಿವೆ. ಕೊಳದ ಕಟ್ಟೆಗೆ ಅರಿಷಿಣ ಕುಂಕುಮ ಏರಿ, ಕಾಯಿ ಒಡೆದಾಗಿತ್ತು. ಸ್ಟಾಫ್‌ರೂಮಿನವರೂ ಮಾತು ತಪ್ಪದೆ ದಂಡೆಯ ಮೇಲೆ ನಿಂತಿದ್ದರು, ಎಲ್ಲರ ಕೈಯಲ್ಲೂ ಕೊಡ!

ಪಂಢರಿನಾಥರು ಧೈರ್ಯ ಮಾಡಿ ಮೆಟ್ಟಿಲಿಗೆ ಕಾಲು ಚಾಚಿದರು.

“ಕಾಲ ತಗೀರಿ!” ಗೌರಕ್ಕ ಗುಡುಗಿದಳು. “ಗಂಗವ್ವನ ಪೂಜಿ ಆಗೇತಿ. ಕುಡಿಯೂ ನೀರಿನ ಕೆರಿಗೆ ಯಾರರ ಕಾಲ ಇಡ್ತಾರೇನ್ರಿ? ಕಲಿತವ್ರು ನೀವು, ಅದೂ ಚಪ್ಪಲಿ ಮೆಟ್ಟಿಕೊಂಡು!”

“ಇದು ಕೆರಿ ಅಲ್ಲ ಗೌರಕ್ಕಾ, ಈಜುಕೊಳ! ಬಾಡಿಗಿ ಕೊಡಾಂವ ನಾನು!”

“ಕೊಡ್ರಿ, ಪುಣ್ಯಾ ಬರತೈತಿ.”

ಅವರು ಸಹಾಯಕ್ಕಾಗಿ ಹೆಂಡತಿಯತ್ತ ನೋಡಿದರು. ಮಥುರಾಬಾಯಿ ತಾಮ್ರದ ಬಿಂದಿಗೆಗೆ ನೀರು ಸೋಸುತ್ತಿದ್ದರು. “ದೇವರ ಪೂಜಾಕ್ಕೂ ಇದ ನೀರ್ರಿ. ಹಿಂದ ಸರೀರಿ.”

“ಭಾವಾ, ಶುರು ಯಾವಾಗ?” ಎಂದ ಶ್ರೀಪಾದ.

ಅಷ್ಟರಲ್ಲಿ ಗೌರಕ್ಕ ಪಂಢರಿನಾಥರ ಕೈಗೊಂದು ಬಡಿಗೆ ಕೊಟ್ಟಳು. “ಹೆಂಗೂ ಖಾಲಿ ನಿಂತೀರಿ. ಎಮ್ಮಿ ಒಳಗ ಬರದಂಗ ನೋಡ್ಕೋರಿ.”

ಮಧ್ಯಾಹ್ನದವರೆಗೆ ಚಕ್ರವರ್ತಿಗಳು ಚಡ್ಡಿಯಲ್ಲೇ ಗೇಟು ಕಾದರು. ಬೆವರಿ ಬಸವಳಿದು ಒಳಬಂದು, “ಸ್ನಾನಕ್ಕರ ನೀರು ಕೊಡು,” ಎಂದರು ಮೆಲ್ಲಗೆ.

ಮಥುರಾಬಾಯಿ ಹಿತ್ತಲ ಬಾವಿಯಿಂದ ಒಂದು ಬಕೆಟ್ ಸೇದಿ ತಂದು ಬಚ್ಚಲಲ್ಲಿಟ್ಟರು.

“ಇದು ಉಪ್ಪನೀರು!”

“ಹೌದು. ಗೋಕರ್ಣದ್ದೂ ಉಪ್ಪನೀರ ಇತ್ತು. ಈಜ್ರಿ. ಹಗ್ಗಾ ಬಾಗಿಲದಾಗ ಇಟ್ಟೀನಿ.”